ಹಾಲ್ ಟಿಕೆಟ್ ಇದ್ದೂ ಊರಲ್ಲೇ ಉಳಿದವರಿಗೆ

ಈ ಸಲ ಬಂದ ಪತ್ರಗಳಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವೇ ಜಾಸ್ತಿ. ಕೆಲಸ ಬೇರೆ, ವಯಸ್ಸು ಬೇರೆ, ಆದರೆ ಹೆಚ್ಚಿನವುಗಳ ಒಳಗೆ ಒಂದೇ ಮಾತು ಕೂತಿದೆ: ‘ಭಯ ಹೋಗಲಿ, ಆಮೇಲೆ ಶುರು ಮಾಡ್ತೀನಿ.’ ನನ್ನ ತಕರಾರು ಇರುವುದೇ ಆ ‘ಆಮೇಲೆ’ ಮೇಲೆ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದೀರಿ, ಹಾಕಿಲ್ಲ. ಜಾಗ ಸಾಲದೆ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಬೇಜಾರು ಬೇಡ.

ಪ್ರಶ್ನೆ (ಸಿಂಧನೂರು ತಾಲೂಕು): ಅಕ್ಕಾ, ನಾನು ಬಿ.ಕಾಂ. ಮುಗಿಸಿದ್ದೇನೆ. ರಾಯಚೂರಿನಲ್ಲಿ ರೂಮ್ ಮಾಡಿಕೊಂಡು, ದಿನಾ ಲೈಬ್ರರಿಗೆ ಹೋಗಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಫೀಸು ಕಟ್ಟಿ, ಹಾಲ್ ಟಿಕೆಟ್ ಪ್ರಿಂಟ್ ತೆಗೆಸಿ, ಪರೀಕ್ಷೆ ದಿನ ಹೋಗಲೇ ಇಲ್ಲ. ಆಮೇಲೆ ಇನ್ನೊಂದು ಪರೀಕ್ಷೆಗೂ ಹೀಗೇ ಆಯಿತು. ಸಿಲಬಸ್ ಮುಗಿದಿಲ್ಲ, ಹೋಗಿ ಏನು ಬರೆಯೋದು ಅನ್ನಿಸಿತು. ಮನೆಯಲ್ಲಿ ಮಾತ್ರ ಬರೆದು ಬಂದೆ ಅಂತ ಹೇಳಿದ್ದೇನೆ. ಅಪ್ಪ ಭತ್ತದ ಗದ್ದೆ ನಂಬಿಕೊಂಡು ತಿಂಗಳಾ ತಿಂಗಳಾ ದುಡ್ಡು ಹಾಕುತ್ತಾರೆ. ಧೈರ್ಯ ಬರಲು ಏನು ಮಾಡಲಿ?

ಉತ್ತರ: ತಮ್ಮಾ, ಧೈರ್ಯದ ವಿಚಾರ ಸ್ವಲ್ಪ ಬದಿಗಿಡು. ಆ ದಿನ ಬೆಳಿಗ್ಗೆ ಏನಾಯಿತು ಅಂತ ನೆನಪು ಮಾಡಿಕೋ. ರೂಮಿನಲ್ಲೇ ಕೂತಿದ್ದೆ, ರಿಪೋರ್ಟಿಂಗ್ ಟೈಮ್ ಹತ್ತಿರ ಬಂದ ಹಾಗೆಲ್ಲ ಎದೆ ಬಡಿತ ಜೋರಾಯಿತು, ಗೇಟ್ ಮುಚ್ಚುವ ಹೊತ್ತು ದಾಟಿತು, ‘ಇನ್ನು ಹೋದರೂ ಒಳಗೆ ಬಿಡಲ್ಲ’ ಅಂತ ಖಾತ್ರಿ ಆದ ಕೂಡಲೇ ಮೈಯೆಲ್ಲ ಹಗುರ ಆಯಿತು, ಅಲ್ವಾ? ಆ ಹಗುರವೇ ನಿನ್ನನ್ನು ಕಟ್ಟಿಹಾಕಿದೆ. ತಪ್ಪಿಸಿಕೊಂಡರೆ ಆರಾಮ ಸಿಗುತ್ತದೆ ಅಂತ ಮನಸ್ಸು ಬಹಳ ಬೇಗ ಕಲಿಯುತ್ತದೆ. ಮುಂದಿನ ಸಲ ಅದೇ ಆರಾಮಕ್ಕಾಗಿ ಇನ್ನೂ ಮುಂಚೆಯೇ, ಇನ್ನೂ ಜೋರಾಗಿ ಹೆದರಿಸುತ್ತದೆ. ಎರಡನೇ ಪರೀಕ್ಷೆ ತಪ್ಪಿಸುವುದು ಮೊದಲನೆಯದಕ್ಕಿಂತ ಸಲೀಸಾಗಿತ್ತು ಅಂತ ನೀನು ಬರೆದಿಲ್ಲ, ಆದರೂ ಹಾಗೇ ಆಗಿರಬೇಕು ಅಂತ ನನ್ನ ಊಹೆ.

ಆಲ್ಬರ್ಟ್ ಬಂಡೂರ ಅಂತ ಒಬ್ಬ ಮನಶ್ಶಾಸ್ತ್ರಜ್ಞರು ತಮ್ಮ ಜೊತೆಗಾರರೊಂದಿಗೆ 1969ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹಾವು ಅಂದರೆ ವಿಪರೀತ ಹೆದರುವವರನ್ನು ಸೇರಿಸಿದರು. ಕೆಲವರಿಗೆ ಬೇರೆಯವರು ಹಾವು ಹಿಡಿಯುವ ಫಿಲ್ಮ್ ತೋರಿಸಿದರು. ಕೆಲವರಿಗೆ ಮೈ ಸಡಿಲ ಬಿಟ್ಟು ಕೂತು ಹಾವನ್ನು ಮನಸ್ಸಿನಲ್ಲೇ ನೆನೆಯಲು ಹೇಳಿದರು. ಇನ್ನು ಕೆಲವರ ಎದುರಿಗೇ ಒಬ್ಬರು ಹಾವು ಮುಟ್ಟಿ ತೋರಿಸಿ, ಆಮೇಲೆ ಇವರ ಕೈಯಿಂದಲೂ ಸ್ವಲ್ಪ ಸ್ವಲ್ಪವಾಗಿ ಮುಟ್ಟಿಸಿದರು. ಎಲ್ಲರಿಗಿಂತ ಚೆನ್ನಾಗಿ ಭಯ ಬಿಟ್ಟಿದ್ದು ಕೈಯಿಂದ ಮುಟ್ಟಿದವರಿಗೆ. ಅವರಿಗೆ ಕೊಟ್ಟಿದ್ದು ವಿಷವಿಲ್ಲದ ಹಾವು, ನಿಮ್ಮ ಗದ್ದೆ ಬದುವಿನ ನಾಗರಹಾವಲ್ಲ, ಅದನ್ನು ಮುಟ್ಟಲು ಯಾರೂ ಹೋಗಬೇಡಿ. ಪರೀಕ್ಷಾ ಹಾಲ್ ಕೂಡ ಕಚ್ಚುವ ಜಾತಿಯದಲ್ಲ.

ಲೈಬ್ರರಿಯಲ್ಲಿ ಇನ್ನೂ ಎಷ್ಟು ತಿಂಗಳು ಕೂತರೂ ಈ ಭಯ ಹೋಗುವುದಿಲ್ಲ, ಯಾಕೆಂದರೆ ಅಲ್ಲಿ ಗಡಿಯಾರ ಇಲ್ಲ, ಮಾನಿಟರ್ ಇಲ್ಲ, ಪಕ್ಕದವನು ಟಕ ಟಕ ಕ್ಲಿಕ್ ಮಾಡುವ ಸದ್ದೂ ಇಲ್ಲ. ನಿನ್ನ ಪರೀಕ್ಷೆಯ ಪ್ರಿಲಿಮ್ಸ್ ಅಂದರೆ 45 ನಿಮಿಷಕ್ಕೆ 80 ಪ್ರಶ್ನೆ, ರೀಸನಿಂಗ್ 40, ಲೆಕ್ಕ 40. ಒಂದು ಪ್ರಶ್ನೆಗೆ 34 ಸೆಕೆಂಡೂ ಸಿಗುವುದಿಲ್ಲ. ಇದರಲ್ಲಿ ‘ಸಿಲಬಸ್ ಮುಗಿಸುವುದು’ ಅನ್ನುವುದೇ ಇಲ್ಲ ತಮ್ಮಾ. ಪಾಸಾಗುವವರೂ ಎಷ್ಟೋ ಪ್ರಶ್ನೆ ಬಿಟ್ಟು ಮುಂದೆ ಹೋಗುತ್ತಾರೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವುದರಿಂದ ಬಿಡುವುದೂ ಒಂದು ಕಲೆಯೇ. ಅದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ಹಾಗಾಗಿ ದಿನಕ್ಕೆ ಒಂದು ಅಣಕು ಪರೀಕ್ಷೆ ಬರೆ. ಮೊದಲು ರೂಮಿನಲ್ಲಿ ಮೊಬೈಲಿನಲ್ಲಿ 45 ನಿಮಿಷದ ಟೈಮರ್ ಇಟ್ಟುಕೊಂಡು. ಆಮೇಲೆ ಬ್ರೌಸಿಂಗ್ ಸೆಂಟರ್‌ನಲ್ಲಿ, ಜನ ಓಡಾಡುವ ಹೊತ್ತಲ್ಲಿ, ಕಂಪ್ಯೂಟರಿನ ಮೇಲೆ. ಆಮೇಲೆ ಗೆಳೆಯರ ಜೊತೆ ಕೂತು, ಬಂದ ಅಂಕ ಅವರಿಗೆ ತೋರಿಸಿ. ಕಡಿಮೆ ಬಂದರೆ ನಗುತ್ತಾರೆ, ನಗಲಿ. ನಿಜವಾದ ಪರೀಕ್ಷೆ ಬಂದಾಗ ಹಿಂದಿನ ದಿನವೇ ಹೋಗಿ ಸೆಂಟರಿನ ಗೇಟ್ ನೋಡಿ ಬಾ, ಅಲ್ಲೇ ಎದುರಿಗೆ ನಿಂತು ಒಂದು ಚಹಾ ಕುಡಿ. ಮುಂದಿನ ಪರೀಕ್ಷೆಗೆ ಪಾಸಾಗುವ ಗುರಿಯೇ ಬೇಡ. ಒಳಗೆ ಹೋಗಿ, 45 ನಿಮಿಷ ಕೂತು, ಹೊರಗೆ ಬರಬೇಕು, ಅಷ್ಟೇ.

ಎದೆ ಬಡಿತದ ಬಗ್ಗೆ ಒಂದು ಮಾತು. ಅದನ್ನು ತಡೆಯಲು ಹೋಗಬೇಡ. ಅಲಿಸನ್ ವುಡ್ ಬ್ರೂಕ್ಸ್ ಅನ್ನುವ ಹಾರ್ವರ್ಡ್ ಸಂಶೋಧಕಿ 2014ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ತಮಾಷೆಯ ಸಂಗತಿ ಇದೆ. ಹಾಡುವ, ಭಾಷಣ ಮಾಡುವ, ಲೆಕ್ಕ ಬಿಡಿಸುವ ಮುಂಚೆ ‘ನಾನು ಶಾಂತವಾಗಿದ್ದೇನೆ’ ಅಂತ ಹೇಳಿಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಅಂತ ಹೇಳಿಕೊಂಡವರು ಚೆನ್ನಾಗಿ ಮಾಡಿದರು. ಹೆದರಿದಾಗಲೂ ಎದೆ ಹೊಡೆದುಕೊಳ್ಳುತ್ತದೆ, ಜಾತ್ರೆಯಲ್ಲಿ ತೇರು ಎಳೆಯುವ ಮುಂಚೆಯೂ ಹೊಡೆದುಕೊಳ್ಳುತ್ತದೆ. ಮೈಗೆ ಎರಡೂ ಹೆಚ್ಚು ಕಡಿಮೆ ಒಂದೇ, ಹೆಸರು ಕೊಡುವುದು ನಾವು.

ಈಗ ಅಪ್ಪನ ವಿಷಯ. ನನ್ನ ಅಭಿಪ್ರಾಯ ಕೇಳಿದರೆ, ಹೇಳಿಬಿಡು. ಸುಳ್ಳು ಕಾಯುವುದಕ್ಕೇ ನಿನ್ನ ಅರ್ಧ ತಲೆ ಖರ್ಚಾಗುತ್ತಿದೆ. ಬೈಯುತ್ತಾರೆ, ಒಂದೆರಡು ದಿನ ಮಾತು ಬಿಡಬಹುದು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಗೆ ಎಷ್ಟು ನೀರು ಬರುತ್ತದೋ ಗೊತ್ತಿಲ್ಲದೆ ಪ್ರತಿ ವರ್ಷ ಸಸಿಮಡಿ ಹಾಕುವ ಮನುಷ್ಯ ಅವರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಿಮ್ಮ ಕಡೆ ರೈತರು ಹೇಗೆ ಕಾದು ಕೂತಿದ್ದರು ಅಂತ ನಿನಗೇ ಗೊತ್ತು. ಭಯ ಅಂದರೇನು ಅಂತ ಅವರಿಗೆ ವಿವರಿಸುವ ಅಗತ್ಯ ಬೀಳುವುದಿಲ್ಲ.

ಇನ್ನೊಂದು, ಬ್ಯಾಂಕ್ ಕೆಲಸ ನಮ್ಮಂಥವರಿಗಲ್ಲ ಅನ್ನುವ ಧಾಟಿ ನಿನ್ನ ಪತ್ರದಲ್ಲಿ ಅಲ್ಲಲ್ಲಿ ಇದೆ. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು ಸೇರಿ ಒಂದೇ ಬ್ಯಾಂಕ್ ಆಗಿದೆ, ಅದರ ಹೆಡ್ ಆಫೀಸ್ ಇರುವುದು ಪಕ್ಕದ ಬಳ್ಳಾರಿಯಲ್ಲಿ. ಪ್ರಶ್ನೆಗಳೂ ಕನ್ನಡದಲ್ಲಿ ಸಿಗುತ್ತವೆ. ಇದಕ್ಕಿಂತ ಹತ್ತಿರ ಇನ್ನೆಲ್ಲಿ ಬೇಕು?

ಪ್ರಶ್ನೆ (ಯಲಬುರ್ಗಾ, ಈಗ ಬೆಂಗಳೂರು): ಮೇಡಂ, ನಾನು 371ಜೆ (ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ ಈ ಆರ್ಟಿಕಲ್‌ನಿಂದ ಸಿಗುವ) ಮೀಸಲಾತಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿದ್ದೇನೆ. ಒಂದು ದಿನ ಊಟದ ಹೊತ್ತಲ್ಲಿ ಸಹೋದ್ಯೋಗಿಯೊಬ್ಬರು ‘ನಿಮಗೇನ್ರೀ, ಆರ್ಟಿಕಲ್‌ನಲ್ಲಿ ಬಂದೋರು’ ಅಂದರು. ಅವತ್ತಿನಿಂದ ಕಡತಕ್ಕೆ ಟಿಪ್ಪಣಿ ಬರೆಯಲೂ ಕೈ ನಡುಗುತ್ತದೆ. ಬರೆದಿದ್ದನ್ನು ನಾಲ್ಕು ಸಲ ನೋಡುತ್ತೇನೆ. ಕೆಎಎಸ್ ಬರೆಯುವ ಆಸೆ ಇತ್ತು, ಈಗ ನನ್ನ ಯೋಗ್ಯತೆ ಇಷ್ಟೇ ಏನೋ ಅನ್ನಿಸುತ್ತಿದೆ.

ಉತ್ತರ: ಆ ಸಹೋದ್ಯೋಗಿ ಊಟ ಮುಗಿಸಿ ಮರೆತಿದ್ದಾರೆ, ನೀವು ಮಾತ್ರ ಅದನ್ನು ಇನ್ನೂ ಜಗಿಯುತ್ತಿದ್ದೀರಿ. ಸರಿ, ಲೆಕ್ಕ ನೋಡೋಣ. ನೀವು ಬರೆದ ಪ್ರಶ್ನೆಪತ್ರಿಕೆ ಬೇರೆ ಇತ್ತೇ? ಇಲ್ಲ. ಮೌಲ್ಯಮಾಪನ ಬೇರೆ ಮಾಡಿದರೇ? ಇಲ್ಲ. ರಾಜ್ಯಮಟ್ಟದ ಕಚೇರಿಗಳಲ್ಲಿ ನಮ್ಮ ಭಾಗಕ್ಕೆ ಇರುವುದು ಶೇ 8ರಷ್ಟು ಹುದ್ದೆ. ಆ ಶೇ 8ಕ್ಕೆ ಬೀದರ್‌ನಿಂದ ಬಳ್ಳಾರಿವರೆಗೆ ಏಳು ಜಿಲ್ಲೆಯ ಹುಡುಗ ಹುಡುಗಿಯರು ಬಡಿದಾಡುತ್ತಾರೆ. ಅವರನ್ನೆಲ್ಲ ದಾಟಿ ಬಂದವರು ನೀವು.

ಇನ್ನು ಆ ಮೀಸಲಾತಿ ಯಾರೋ ಕರುಣೆಯಿಂದ ಕೊಟ್ಟಿದ್ದೂ ಅಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 114 ತಾಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಪಟ್ಟಿ ಮಾಡಿತು. ಆ 39ರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಕಲಬುರಗಿ ವಿಭಾಗದವೇ. ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ 371ಜೆ ಬಂದಿದ್ದು ವರ್ಷಗಟ್ಟಲೆ ಹೋರಾಟ ಆದ ಮೇಲೆ. ಶಾಲೆ ಕಡಿಮೆ, ಕಾಲೇಜು ದೂರ, ಬಸ್ ಇಲ್ಲ, ಅಂಥ ಕಡೆಯಿಂದ ಬಂದು ಅದೇ ಪತ್ರಿಕೆ ಬರೆದವರ ಯೋಗ್ಯತೆ ಹೆಚ್ಚೋ ಕಡಿಮೆಯೋ ನೀವೇ ಹೇಳಿ. ಇಷ್ಟೆಲ್ಲ ಅವರಿಗೆ ವಿವರಿಸಲು ಹೋಗಬೇಡಿ, ಊಟ ಆರಿಹೋಗುತ್ತದೆ. ನಿಮಗೆ ಗೊತ್ತಿದ್ದರೆ ಸಾಕು.

ಯಾರೂ ಏನೂ ಅನ್ನದಿದ್ದರೂ ಈ ಅನುಮಾನ ಬರುವವರು ಬಹಳ ಜನ ಇದ್ದಾರೆ. 1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಇದರ ಬಗ್ಗೆ ಬರೆದರು. ಅವರು ನೋಡಿದ್ದು ದೊಡ್ಡ ಓದು ಓದಿದ, ಒಳ್ಳೆ ಕೆಲಸದಲ್ಲಿದ್ದ ಹೆಂಗಸರನ್ನು. ಅಂಥವರೂ ‘ನನಗೆ ಅದೃಷ್ಟದಿಂದ ಸಿಕ್ಕಿದೆ, ಒಂದು ದಿನ ಸಿಕ್ಕಿಬೀಳುತ್ತೇನೆ’ ಅಂತ ನಂಬಿದ್ದರಂತೆ. ಹೊಗಳಿದರೆ ಇದು ಹೋಗುವುದಿಲ್ಲ, ಹೊಗಳಿದವರಿಗೂ ಮೋಸ ಮಾಡಿದೆ ಅನ್ನಿಸುತ್ತದೆ ಅಷ್ಟೇ. ಕಾಗದ ಬೇಕು. ನೀವು ಬರೆದ ಟಿಪ್ಪಣಿಗಳಲ್ಲಿ ಮೇಲಿನವರು ಎಷ್ಟನ್ನು ಹಾಗೇ ಒಪ್ಪಿದ್ದಾರೆ, ಎಷ್ಟನ್ನು ತಿದ್ದಿದ್ದಾರೆ ಅಂತ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾ ಬನ್ನಿ. ತಿದ್ದಿದ್ದು ಏನು ಅಂತಲೂ ಬರೆಯಿರಿ. ಪದೇ ಪದೇ ಒಂದೇ ಜಾತಿಯ ತಪ್ಪು ಇದ್ದರೆ ಅದು ಕಲಿಯಬೇಕಾದ ವಿಷಯ, ಯೋಗ್ಯತೆಯ ಪ್ರಶ್ನೆ ಅಲ್ಲ. ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗಳನ್ನು ಬೇಗ ಮುಗಿಸಿಕೊಳ್ಳಿ, ಬಡ್ತಿಗೆ ಹೇಗೂ ಬೇಕು, ಪರೀಕ್ಷೆ ಬರೆಯುವ ಕೈಯೂ ಆರುವುದಿಲ್ಲ. ಕೆಎಎಸ್ ಅಧಿಸೂಚನೆ ಬಂದಾಗ ಯೋಗ್ಯತೆ ಇದೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳುತ್ತಾ ಕೂರಬೇಡಿ. ವಯಸ್ಸು, ಪದವಿ ಸರಿ ಇದ್ದರೆ ಅರ್ಜಿ ಹಾಕಿ. ಮಿಕ್ಕಿದ್ದನ್ನು ತೀರ್ಮಾನ ಮಾಡಲು ಆಯೋಗದವರು ಸಂಬಳ ತೆಗೆದುಕೊಳ್ಳುತ್ತಾರೆ.

ಪ್ರಶ್ನೆ (ಬಳ್ಳಾರಿ): ಅಕ್ಕೋರೆ, ಕೌಲ್ ಬಜಾರ್ ಕಡೆ ಒಂದು ಯೂನಿಟ್‌ನಲ್ಲಿ ಒಂಬತ್ತು ವರ್ಷದಿಂದ ಜೀನ್ಸ್ ಹೊಲಿಯುತ್ತಿದ್ದೇನೆ. ಪೀಸ್ ಲೆಕ್ಕದ ಕೂಲಿ. ಮನೆಯಲ್ಲೇ ಎರಡು ಮಷಿನ್ ಹಾಕಿ, ಜಾಬ್ ವರ್ಕ್ ತಂದು, ಪಕ್ಕದ ಮನೆ ಹುಡುಗಿಯನ್ನೂ ಸೇರಿಸಿಕೊಂಡು ಮಾಡಬೇಕು ಅಂತ ಆಸೆ. ಮನೆಯವರು ‘ನಿನ್ನ ಕೈಲಿ ಆಗಂಗಿಲ್ಲ, ಸಾಲ ಮೈಮೇಲೆ ಎಳಕೋತಿ’ ಅಂತಾರೆ. ನನಗೂ ರಾತ್ರಿ ಅದೇ ಯೋಚನೆ. ಭಯ ಬಿಟ್ಟು ಮುಂದೆ ಹೋಗಲಾ?

ಉತ್ತರ: ಭಯ ಪೂರ್ತಿ ಬಿಡಬೇಡಿ. ನಿಮ್ಮ ಪತ್ರದಲ್ಲಿ ಎರಡು ಭಯ ಇವೆ, ಎರಡೂ ಒಂದೇ ಉಸಿರಲ್ಲಿ ಬಂದಿರುವುದರಿಂದ ಒಂದೇ ಅನ್ನಿಸುತ್ತಿದೆ. ‘ಕೈಲಿ ಆಗಲ್ಲ’ ಅನ್ನುವುದು ಸುಮ್ನೆ ಮಾತು. ಒಂಬತ್ತು ವರ್ಷ ದಪ್ಪ ಡೆನಿಮ್ ಹೊಲಿದ ಕೈ ಅದು. ‘ಸಾಲ’ ಅನ್ನುವ ಭಯ ಮಾತ್ರ ನಿಜವಾದದ್ದು, ಅದನ್ನು ಓಡಿಸಬಾರದು, ಕೂರಿಸಿಕೊಂಡು ಲೆಕ್ಕ ಕೇಳಬೇಕು. ಮನಸ್ಸು ಗಟ್ಟಿ ಮಾಡಿಕೋ, ಎಲ್ಲಾ ಆಗುತ್ತದೆ ಅಂತ ಭಾಷಣ ಮಾಡುವವರು ಈ ಎರಡನ್ನೂ ಕಲಸಿಬಿಡುತ್ತಾರೆ. ಆಮೇಲೆ ಕಂತು ಕಟ್ಟುವವರು ನೀವು, ಅವರಲ್ಲ.

ಏನೇನು ಕೇಳಬೇಕು ಅಂದರೆ, ನಿಮಗೆ ಕೆಲಸ ಕೊಡುವವರು ಪೀಸಿಗೆ ಎಷ್ಟು ಕೊಡುತ್ತಾರೆ ಅನ್ನುವುದಕ್ಕಿಂತ ಮೊದಲು, ದುಡ್ಡು ಯಾವಾಗ ಕೊಡುತ್ತಾರೆ. ವಾರಕ್ಕಾ, ತಿಂಗಳಿಗಾ, ಮಾಲು ಮಾರಿದ ಮೇಲಾ? ಈ ದಂಧೆಯಲ್ಲಿ ಕೆಲಸ ಇಲ್ಲದೆ ಮುಳುಗುವವರಿಗಿಂತ ಬಾಕಿ ಬಾರದೆ ಮುಳುಗುವವರು ಜಾಸ್ತಿ ಅಂತ ನನಗನ್ನಿಸುತ್ತದೆ. ಆಮೇಲೆ, ದಸರಾ ದೀಪಾವಳಿ ಮುಂಚೆ ಕೈತುಂಬ ಕೆಲಸ ಇರುತ್ತದೆ, ಮಿಕ್ಕ ತಿಂಗಳು? ಬೇಸಿಗೆಯಲ್ಲಿ ವಾಷಿಂಗ್ ಯೂನಿಟ್‌ಗೆ ನೀರಿನ ತೊಂದರೆ ಆದರೆ ಹೊಲಿಗೆಯೂ ನಿಲ್ಲುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇಡೀ ಪ್ಯಾಂಟ್ ಹೊಲಿಯುವ ಬದಲು ಒಂದೇ ಭಾಗದ ಕೆಲಸ, ಜೇಬೋ ಬೆಲ್ಟೋ, ತಂದರೆ ಸಾದಾ ಮಷಿನ್ ಸಾಕಾ, ಓವರ್‌ಲಾಕ್ ಕೂಡ ಬೇಕಾ? ಯೂನಿಟ್ ಬಿಡುವ ಮೊದಲೇ ಒಂದು ಹಳೇ ಮಷಿನ್ ಹಾಕಿ ಸಂಜೆ ಹೊತ್ತು ಸ್ವಲ್ಪ ಮಾಲು ತಂದು ಹೊಲಿದು ನೋಡಲು ಆಗುತ್ತದಾ? ನಾನು ನಿಮ್ಮ ಜಾಗದಲ್ಲಿ ಇದ್ದರೆ ಹಾಗೇ ಮಾಡುತ್ತಿದ್ದೆ. ಮೂರು ತಿಂಗಳ ಬಾಕಿ ಸರಿಯಾಗಿ ಬಂದರೆ ಎರಡನೇ ಮಷಿನ್.

ಸಾಲ ತೆಗೆದುಕೊಳ್ಳುವುದೇ ಆದರೆ ಬಡ್ಡಿ ವ್ಯಾಪಾರಿ ಹತ್ತಿರ ಖಂಡಿತ ಬೇಡ. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು, ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿ ಇರುತ್ತದೆ, ಸಲಕರಣೆಗೆ 15,000 ರೂಪಾಯಿವರೆಗೆ ಸಿಗುತ್ತದೆ, ಮೊದಲ ಕಂತಿನ ಸಾಲ 1 ಲಕ್ಷದವರೆಗೆ ಶೇ 5ರ ಬಡ್ಡಿಗೆ, 18 ತಿಂಗಳಲ್ಲಿ ತೀರಿಸಬೇಕು, ಆಸ್ತಿ ಅಡ ಇಡುವುದು ಬೇಡ. ಇದು ಸ್ವಂತ ಕಸುಬು ಮಾಡುವವರಿಗೆ, ಒಂದು ಮನೆಗೆ ಒಬ್ಬರಿಗೆ. ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ. ಒಂದು ಎಚ್ಚರಿಕೆ: ಮುದ್ರಾ ಸಾಲ ತೆಗೆದುಕೊಂಡು ತೀರಿಸದೆ ಇದ್ದರೆ ವಿಶ್ವಕರ್ಮಕ್ಕೆ ಅಡ್ಡ ಬರುತ್ತದೆ, ಹಾಗಾಗಿ ಯಾವುದು ಮೊದಲು ಅಂತ ಯೋಚಿಸಿ. ನಿಮ್ಮ ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಕೇಳಿ. ‘ಮಾಡಿಸಿಕೊಡ್ತೀನಿ, ಇಷ್ಟು ಕೊಡಿ’ ಅನ್ನುವವರನ್ನು ಹೊಸ್ತಿಲಲ್ಲೇ ನಿಲ್ಲಿಸಿ.

ಮನೆಯವರ ಜೊತೆ ಜಗಳ ಬೇಡ. ಈ ಲೆಕ್ಕ ಎಲ್ಲ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ, ‘ಎಲ್ಲಿ ತಪ್ಪಿದೆ ಹೇಳ್ರಿ’ ಅನ್ನಿ. ತಪ್ಪು ಹುಡುಕಿದರೆ ನಿಮಗೇ ಲಾಭ.

ಪ್ರಶ್ನೆ (ಮಾನ್ವಿ): ನಾನು ಅತಿಥಿ ಶಿಕ್ಷಕಿ. ಕಾಯಂ ಹುದ್ದೆಗೆ ಓದಬೇಕು ಅಂತ ಪುಸ್ತಕ ತಂದಿಟ್ಟಿದ್ದೇನೆ. ಆದರೆ ಎರಡು ತಿಂಗಳಿಂದ ಇದ್ದಕ್ಕಿದ್ದ ಹಾಗೆ ಎದೆ ಡವಡವ, ಕೈ ತಣ್ಣಗೆ, ಇನ್ನೇನು ಸತ್ತೇ ಹೋದೆ ಅನ್ನಿಸುತ್ತದೆ. ನಿದ್ದೆ ಇಲ್ಲ. ತರಗತಿಗೆ ಹೋಗಲೂ ಹೆದರಿಕೆ, ರಜೆ ಹಾಕುತ್ತಿದ್ದೇನೆ. ದೃಷ್ಟಿ ತೆಗೆಸಿದ್ದೂ ಆಯಿತು. ಧೈರ್ಯ ಸಾಲದು ಅಂತ ಎಲ್ಲರೂ ಬೈಯುತ್ತಾರೆ.

ಉತ್ತರ: ಮೇಲಿನ ಸಿಂಧನೂರಿನ ಹುಡುಗನಿಗೆ ಹೇಳಿದ್ದು ನಿಮಗಲ್ಲ. ನಿಮ್ಮದು ಧೈರ್ಯ ಸಾಲದ ವಿಷಯವೇ ಅಲ್ಲ, ಡಾಕ್ಟರಿಗೆ ತೋರಿಸಬೇಕಾದ ವಿಷಯ. ಥೈರಾಯ್ಡ್, ರಕ್ತಹೀನತೆ, ಹೃದಯದ ತೊಂದರೆಯಿಂದಲೂ ಎದೆ ಹೀಗೆ ಹೊಡೆದುಕೊಳ್ಳಬಹುದು, ಅದನ್ನು ಮೊದಲು ನೋಡಿಸಿಕೊಳ್ಳಿ. ಅದೆಲ್ಲ ಸರಿ ಇದ್ದರೆ ಪ್ಯಾನಿಕ್ ಅಟ್ಯಾಕ್ ಇರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. 14416ಕ್ಕೆ ಇವತ್ತೇ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮನಸ್ಸಿನ ಡಾಕ್ಟರ್ ಅಂದರೆ ಜನ ಏನಂದಾರು ಅಂತ ಬರೆದಿದ್ದೀರಿ. ಒಂದು ವಿಷಯ ನಮ್ಮ ಕಡೆಯವರಿಗೇ ಗೊತ್ತಿಲ್ಲ. ಮಾನಸಿಕ ಚಿಕಿತ್ಸೆ ದೊಡ್ಡ ಊರಿನ ಆಸ್ಪತ್ರೆಯಲ್ಲೇ ಯಾಕೆ ಇರಬೇಕು, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಕಲಿಸಿದರೆ ಆಗದಾ ಅಂತ ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಿದರು. ಆ ಜಿಲ್ಲೆ ಬಳ್ಳಾರಿ. ಅದು ನಡೆಯಿತು ಅಂತ ಕಂಡ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಇವತ್ತಿಗೂ ಅದನ್ನು ‘ಬಳ್ಳಾರಿ ಮಾದರಿ’ ಅಂತ ಕರೆಯುತ್ತಾರೆ. ದೇಶಕ್ಕೆ ದಾರಿ ತೋರಿಸಿದ ಭಾಗದವರು ನಾವೇ ನಾಚಿಕೊಂಡರೆ ಹೇಗೆ? ರಾಯಚೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ, ಜೊತೆಗೆ ನಂಬುವವರು ಒಬ್ಬರನ್ನು ಕರೆದುಕೊಂಡು ಹೋಗಿ. ಪುಸ್ತಕ ಅಲ್ಲೇ ಇರಲಿ, ನಿದ್ದೆ ಬಂದ ಮೇಲೆ ತೆಗೆದರಾಯಿತು.

ಪ್ರಶ್ನೆ (ಗಂಗಾವತಿ): ನನಗೆ 47. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿ ಬಿಟ್ಟವಳು. ಈಗ ಮಗಳು ‘ಬರಿ ಅಮ್ಮಾ’ ಅಂತ ಬೆನ್ನು ಹತ್ತಿದ್ದಾಳೆ. ಮನೆಗೆ ಸೊಸೆ ಬಂದ ಮೇಲೆ ಪರೀಕ್ಷೆಗೆ ಹೋದರೆ ಜನ ನಗಲ್ವಾ?

ಉತ್ತರ: ನಗುತ್ತಾರೆ. ಒಂದು ವಾರ ನಗುತ್ತಾರೆ, ಆಮೇಲೆ ಬೇರೆ ಯಾರದೋ ಸುದ್ದಿ ಸಿಗುತ್ತದೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇರುತ್ತದೆ, ಒಮ್ಮೆ ತಪ್ಪಿದರೆ ವರ್ಷವಿಡೀ ಕಾಯಬೇಕಾಗಿಲ್ಲ. ಹಳೇ ಅಂಕಪಟ್ಟಿ ಹುಡುಕಿ ತೆಗೆದುಕೊಂಡು ಓದಿದ ಹೈಸ್ಕೂಲಿಗೇ ಹೋಗಿ, ಹೆಡ್‌ಮಾಸ್ಟರ್ ಹತ್ತಿರ ಕೇಳಿ. ಹಳೇ ರಿಜಿಸ್ಟರ್ ನಂಬರಿನಲ್ಲೇ ಬರೆಯಬಹುದಾ, ಹೊಸದಾಗಿ ಖಾಸಗಿ ಅಭ್ಯರ್ಥಿ ಆಗಬೇಕಾ ಅಂತ ಅವರೇ ನೋಡಿ ಹೇಳುತ್ತಾರೆ. ಗಣಿತಕ್ಕೆ ಟ್ಯೂಷನ್ ಯಾಕೆ, ಬೆನ್ನು ಹತ್ತಿರುವ ಮಗಳೇ ಇದ್ದಾಳಲ್ಲ. ಅವಳು ಚಿಕ್ಕವಳಿದ್ದಾಗ ಮಗ್ಗಿ ಬಾರದ್ದಕ್ಕೆ ನೀವು ಬೈದಿದ್ದೆಲ್ಲ ಈಗ ವಾಪಸ್ ಬರುತ್ತದೆ, ಅದಕ್ಕೆ ಮಾತ್ರ ತಯಾರಾಗಿ ಕೂರಿ.